ನಾರ್ಮನ್ ವಂಶಾವಳಿಯ ಪ್ರಾಮಾಣ್ಯ ಮತ್ತು ಹಾರ್ಡಿಯ ‘ಟೆಸ್’

ಥಾಮಸ್ ಹಾರ್ಡಿಯ ‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ (೧೮೯೧) ಕಾದಂಬರಿಯನ್ನು ಪಾಠ ಹೇಳುವಾಗ ನಮ್ಮಲ್ಲಿ ಅನೇಕರು ಒಂದು ಮಾತನ್ನು ಸಿದ್ಧಾಂತವೆಂಬಂತೆ ಹೇಳಿಬಿಡುವುದುಂಟು: ಟೆಸ್ ಒಂದು ಪುರಾತನ ನಾರ್ಮನ್ ಮನೆತನದ ಕುಡಿ, ಆ ಮನೆತನದ ಸತ್ತ್ವವು ಶತಮಾನಗಳಲ್ಲಿ ಇಂಗಿಹೋಗಿದೆ, ಮುಪ್ಪಾದ ಆ ರಕ್ತವೇ ಅವಳ ದುರಂತಕ್ಕೆ ಒಂದು ಮೂಲ. ನಾವೂ ಹಲವು ವರ್ಷ ಹೀಗೆಯೇ ಹೇಳಿಕೊಂಡು ಬಂದೆವು. ಪರೀಕ್ಷೆಯ ಉತ್ತರಗಳಲ್ಲಿ ಅದೇ ಮಾತು ಹಿಂದಿರುಗಿ ಬಂದಾಗ ಅಂಕಗಳನ್ನೂ ಕೊಟ್ಟೆವು. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅದಕ್ಕೆ ಕಾರಣ ಮೊದಲು ನಮಗೆ ದೊರೆತದ್ದು ಕಾದಂಬರಿಯ ಒಳಗಲ್ಲ, ಹೊರಗೆ. ಇಂಗ್ಲೆಂಡಿನ ಶ್ರೀಮಂತ ವಂಶಾವಳಿಗಳನ್ನು ವಿದ್ವಾಂಸರು ಒರೆಗೆ ಹಚ್ಚಿದ ರೀತಿಯಲ್ಲಿ. ಅಲ್ಲಿಂದ ಹಿಂದಿರುಗಿ ಓದಿದಾಗ, ಹಾರ್ಡಿ ಕೂಡ ಆ ಒರೆಗಲ್ಲನ್ನು ಕೈಯಲ್ಲಿ ಹಿಡಿದೇ ಬರೆದಂತೆ ತೋರುತ್ತದೆ.

ಕಥೆಯ ಆರಂಭವು ಓದುಗರಿಗೆ ತಿಳಿದದ್ದೇ. ಸಂತೆಯಿಂದಲೋ ಎಲ್ಲಿಂದಲೋ ಕಾಲೆಳೆಯುತ್ತ ಮನೆಗೆ ಬರುತ್ತಿರುವ ಜಾನ್ ಡರ್ಬಿಫೀಲ್ಡನನ್ನು, ಪುರಾತತ್ತ್ವದ ಹವ್ಯಾಸವುಳ್ಳ ಪಾದ್ರಿ ಟ್ರಿಂಗಮ್ ‘ಸರ್ ಜಾನ್’ ಎಂದು ಸಂಬೋಧಿಸುತ್ತಾನೆ. ಬಡಪಾಯಿಗೆ ಅರ್ಥವಾಗದು. ಆಗ ಪಾದ್ರಿ ಪ್ರಮಾಣಗಳನ್ನು ಒಂದೊಂದಾಗಿ ಮುಂದಿಡುತ್ತಾನೆ: ಮೂಲಪುರುಷ ಸರ್ ಪೇಗನ್ ಡರ್ಬರ್‌ವಿಲ್ ವಿಜೇತ ವಿಲಿಯಮನ ಜೊತೆಯಲ್ಲಿ ನಾರ್ಮಂಡಿಯಿಂದ ಬಂದವನು, ಇದಕ್ಕೆ ಬ್ಯಾಟ್ಲ್ ಮಠದ ಪಟ್ಟಿ ಸಾಕ್ಷಿ. ಸ್ಟೀಫನ್ ರಾಜನ ಕಾಲದ ಪೈಪ್ ರೋಲ್‌ಗಳಲ್ಲಿ, ಎಂದರೆ ರಾಜಾದಾಯದ ಲೆಕ್ಕದ ಸುರುಳಿಗಳಲ್ಲಿ, ಈ ಮನೆತನದವರ ಹೆಸರುಗಳಿವೆ. ಮುಂದೆ ಜಾನ್ ರಾಜ, ಎರಡನೆಯ ಎಡ್ವರ್ಡ್, ಎರಡನೆಯ ಚಾರ್ಲ್ಸ್ ಇವರ ಕಾಲಗಳಲ್ಲಿಯೂ ಒಬ್ಬೊಬ್ಬ ಡರ್ಬರ್‌ವಿಲ್ ಕಾಣಿಸಿಕೊಳ್ಳುತ್ತಾನೆ. ಆಮೇಲೆ? ಆಮೇಲೆ ಜಾನನ ಗಾಡಿಯ ಮೇಲೆ ಬರೆದಿದ್ದ ಹೆಸರು ಪಾದ್ರಿಯ ಕಣ್ಣಿಗೆ ಬಿತ್ತು, ಅವನ ತಂದೆ, ಅಜ್ಜ ಇವರನ್ನು ಕುರಿತು ವಿಚಾರಿಸಿದ, ಸಂದೇಹ ಉಳಿಯಲಿಲ್ಲ.

ಈ ಪ್ರಮಾಣಗಳ ಬೆಲೆಯೆಷ್ಟು ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನಲ್ಲಿ ನಾರ್ಮನ್ ಮೂಲಕ್ಕೆ ಅಷ್ಟೊಂದು ಬೆಲೆ ಬಂದದ್ದೇಕೆ ಎಂಬುದನ್ನು ಮೊದಲು ನೆನೆಯಬೇಕು. ೧೦೬೬ರ ಅಕ್ಟೋಬರ್ ೧೪ರಂದು ಹೇಸ್ಟಿಂಗ್ಸ್ ಕದನದಲ್ಲಿ ಹೆರಾಲ್ಡ್ ಮಡಿದ ಮೇಲೆ ಇಪ್ಪತ್ತೇ ವರ್ಷಗಳಲ್ಲಿ ಆ ದೇಶದ ನೆಲ ಕೈಬದಲಾಯಿಸಿತು. ೧೦೮೬ರ ‘ಡೂಮ್ಸ್‌ಡೇ’ ದಾಖಲೆಯನ್ನು ನೋಡಿದರೆ, ರಾಜನಿಂದ ನೇರವಾಗಿ ದೊಡ್ಡ ಹಿಡುವಳಿಯನ್ನು ಪಡೆದಿದ್ದ ಆಂಗ್ಲರು ಇಬ್ಬರೇ ಇಬ್ಬರು: ಆರ್ಡನ್ನಿನ ತರ್ಕಿಲ್, ಲಿಂಕನ್ನಿನ ಕೋಲ್‌ಸ್ವೇನ್. ಉಳಿದವರು ನೆಲ ಕಳೆದುಕೊಂಡರು, ದೇಶ ಬಿಟ್ಟರು, ಇಲ್ಲವೆ ಬಂದವರ ಕೈಕೆಳಗಿನ ಒಕ್ಕಲಾದರು. ಆದುದರಿಂದ ವಿಲಿಯಮನ ಜೊತೆ ಬಂದ ಮನೆತನವೆಂಬ ಮಾತಿಗೆ ನೆಲದ ಒಡೆತನದ ಮೊದಲ ಹಕ್ಕುಪತ್ರ ನಮ್ಮದೆಂಬ ಧ್ವನಿ ಬಂತು. ಅದೇ ಕಾರಣಕ್ಕೆ ೧೭ನೆಯ ಶತಮಾನದಲ್ಲಿ ಜೆರಾರ್ಡ್ ವಿನ್‌ಸ್ಟನ್ಲಿಯಂತಹವರು ನಾರ್ಮನ್ ನೊಗವನ್ನು ಕುರಿತು ಕಿಡಿಕಾರಿದರು. ಅವರ ದೃಷ್ಟಿಯಲ್ಲಿ ವಿಜೇತನ ಸಂಗಡಿಗರೆಂದರೆ ಸಾಮಾನ್ಯರ ಭೂಮಿಯನ್ನು ಕಸಿದ ಲೂಟಿಗಾರರು.

ಇಷ್ಟು ಬೆಲೆಯುಳ್ಳ ಸಾಮಗ್ರಿಗೆ ನಕಲು ಹುಟ್ಟದಿದ್ದರೆ ಆಶ್ಚರ್ಯ. ಬ್ಯಾಟ್ಲ್ ಮಠದ ಪಟ್ಟಿಯ ಮೂಲಪ್ರತಿ ಇಂದು ಇಲ್ಲ; ೧೬ನೆಯ ಶತಮಾನದ ಲೀಲಂಡ್, ಹಾಲಿನ್‌ಷೆಡ್ ಮೊದಲಾದವರು ಕೊಟ್ಟ ಪಾಠಗಳಿವೆ; ಅವು ಒಂದಕ್ಕೊಂದು ಹೊಂದುವುದಿಲ್ಲ. ಹಾಲಿನ್‌ಷೆಡ್ ಕೊಡುವ ಹೆಸರುಗಳೇ ೬೦೦ಕ್ಕೂ ಹೆಚ್ಚು. ಕದನದಲ್ಲಿ ಹೋರಾಡಿದವರು ಸಾವಿರಾರು ಮಂದಿ. ಆದರೆ ವಿಶ್ವಸನೀಯವಾದ ಹಳೆಯ ಆಧಾರಗಳಿಂದ ಇಂಥವನು ಅಲ್ಲಿದ್ದನೆಂದು ನಿಶ್ಚಯವಾಗಿ ಹೇಳಬಹುದಾದ ಹೆಸರುಗಳು ಮೂವತ್ತನ್ನೂ ಮುಟ್ಟುವುದಿಲ್ಲ. ಇಷ್ಟಾದರೂ ೧೯೩೧ರಲ್ಲಿ ವಿಲಿಯಮನ ಜನ್ಮಸ್ಥಳವಾದ ಫಾಲೇಸ್‌ನಲ್ಲಿ ೩೧೫ ಹೆಸರುಗಳ ಕಂಚಿನ ಫಲಕವೊಂದನ್ನು ನಿಲ್ಲಿಸಿದರು. ಕಂಚಿನಲ್ಲಿ ಕೊರೆದ ಮಾತ್ರಕ್ಕೆ ಹೆಸರು ನಿಜವಾಗುವುದಾದರೆ ಸಂಶೋಧಕರಿಗೆ ಎಷ್ಟೋ ಶ್ರಮ ಉಳಿಯುತ್ತಿತ್ತು.

ಟ್ಯೂಡರ್ ಕಾಲದಲ್ಲಿ ಈ ಕೆಲಸಕ್ಕೆ ಅಧಿಕೃತ ಮುದ್ರೆಯೇ ಬಿತ್ತು. ಹೆರಲ್ಡ್ ಎಂಬ ಕುಲಲಾಂಛನಾಧಿಕಾರಿಗಳು ಊರೂರು ಸುತ್ತಿ ಗೌರವಸ್ಥರ ವಂಶಾವಳಿಗಳನ್ನು ಬರೆದುಕೊಂಡರು. ಹೊಸದಾಗಿ ಹಣ ಕಂಡವನಿಗೆ ಹಳೆಯ ಹಿರಿಯರು ಬೇಕಾಗಿದ್ದರು; ಅಧಿಕಾರಿಗೆ ಶುಲ್ಕ ಬೇಕಾಗಿತ್ತು. ಕುರಿಸಾಕಣೆಯಿಂದ ಐಶ್ವರ್ಯವಂತರಾದ ಸ್ಪೆನ್ಸರ್ ಮನೆತನದವರನ್ನು ಮಧ್ಯಯುಗದ ಪ್ರಬಲ ಡೆಸ್ಪೆನ್ಸರ್ ಮನೆತನಕ್ಕೆ ಗಂಟುಹಾಕಿದವನು ರಿಚರ್ಡ್ ಲೀ ಎಂಬ ಇಂತಹ ಅಧಿಕಾರಿ. ಆ ಗಂಟನ್ನು ಬಿಚ್ಚಿ ತೋರಿಸಿದವನು ಜೆ. ಹೊರೇಸ್ ರೌಂಡ್ (೧೮೫೪–೧೯೨೮), ೧೯೦೧ರ ತನ್ನ ಗ್ರಂಥದಲ್ಲಿ. ಷೇಕ್ಸ್‌ಪಿಯರ್ ವಾಚಕರಿಗೂ ಇಲ್ಲೊಂದು ಸ್ವಾರಸ್ಯವಿದೆ. ಮೇಲೆ ಹೇಳಿದ ತರ್ಕಿಲನಿಂದ ಇಳಿದುಬಂದವರು ಪಾರ್ಕ್ ಹಾಲಿನ ಆರ್ಡನ್ನರು. ೧೦೬೬ಕ್ಕೂ ಹಿಂದಿನ ಆಂಗ್ಲೋ-ಸ್ಯಾಕ್ಸನ್ ಮೂಲವನ್ನು ದಾಖಲೆಯಿಂದ ತೋರಿಸಬಲ್ಲ ಕೆಲವೇ ಮನೆತನಗಳಲ್ಲಿ ಅದೊಂದು. ಕವಿಯ ತಾಯಿ ಮೇರಿ ಆರ್ಡನ್. ೧೫೯೯ರಲ್ಲಿ ಷೇಕ್ಸ್‌ಪಿಯರ್ ಮನೆಯವರು ಆರ್ಡನ್ ಲಾಂಛನವನ್ನು ತಮ್ಮ ಲಾಂಛನದೊಡನೆ ಕೂಡಿಸಿಕೊಳ್ಳಲು ಅರ್ಜಿ ಹಾಕಿದಾಗ, ಕರಡಿನಲ್ಲಿ ಮೊದಲು ಪಾರ್ಕ್ ಹಾಲಿನವರ ಲಾಂಛನವನ್ನು ಬರೆದು, ಅದನ್ನು ಹೊಡೆದುಹಾಕಿ, ಬೇರೊಂದು ಆರ್ಡನ್ ಶಾಖೆಯದನ್ನು ಬರೆಯಲಾಗಿದೆ. ಕವಿಯ ತಾಯಿಗೂ ಪಾರ್ಕ್ ಹಾಲಿಗೂ ಸಂಬಂಧವಿತ್ತೆಂಬುದು ಇಂದಿಗೂ ಸಿದ್ಧಪಟ್ಟಿಲ್ಲ.

ಹೆಸರು ವಂಶಕ್ಕೆ ಸಾಕ್ಷಿಯೆಂಬ ನಂಬಿಕೆಯೂ ಹೀಗೆಯೇ ಜಾರುವ ನೆಲ. ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ ನಮ್ಮವರಿಗೆ ಪರಿಚಿತನಾದ ಆರ್ಥರ್ ವೆಲ್ಲೆಸ್ಲಿಯನ್ನೇ ನೋಡಬಹುದು. ಅವನ ತಂದೆಯ ತಂದೆ ಹುಟ್ಟಿನಿಂದ ಕಾಲಿ ಮನೆತನದವನು. ೧೭೨೮ರಲ್ಲಿ ಬಂಧುವೊಬ್ಬನ ಆಸ್ತಿಯೊಡನೆ ವೆಸ್ಲಿ ಎಂಬ ಹೆಸರನ್ನೂ ಪಡೆದನು. ಮೊಮ್ಮಕ್ಕಳು ಅದನ್ನು ವೆಲ್ಲೆಸ್ಲಿ ಎಂಬ ಹಳೆಯ ರೂಪಕ್ಕೆ ತಿರುಗಿಸಿಕೊಂಡರು. ಆಸ್ತಿಯ ಹಿಂದೆ ಹೆಸರು ಬಂತು, ಹೆಸರಿನ ಹಿಂದೆ ಪ್ರಾಚೀನತೆ ಬಂತು.

ನಾರ್ಮನ್ನರನ್ನು ದಾಟಿ ಮೇಲಕ್ಕೆ ಹೋಗುವವರಿಗೆ ಹಾದಿ ಇನ್ನೂ ಸುಗಮ, ಏಕೆಂದರೆ ಅಲ್ಲಿ ತಡೆಯುವ ದಾಖಲೆಗಳೇ ವಿರಳ. ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ೮೫೫ನೆಯ ವರ್ಷದ ಉಲ್ಲೇಖದಲ್ಲಿ ಆಲ್ಫ್ರೆಡ್ ಮಹಾರಾಜನ ತಂದೆ ಏಥೆಲ್‌ವುಲ್ಫನ ವಂಶಾವಳಿಯಿದೆ. ಅದು ಸರ್ಡಿಕ್ ಎಂಬ ಮೂಲರಾಜನಿಗೆ ಏರಿ, ಅಲ್ಲಿಂದ ವೋಡನ್ ದೇವತೆಗೆ ಏರಿ, ನೋಹನ ನೌಕೆಯಲ್ಲಿ ಹುಟ್ಟಿದ ಮಗನೊಬ್ಬನ ಮೂಲಕ ಆದಾಮನನ್ನು ಮುಟ್ಟುತ್ತದೆ. ಕೆನೆತ್ ಸಿಸಮ್ ೧೯೫೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂತಹ ಪಟ್ಟಿಗಳನ್ನು ಪದರ ಪದರವಾಗಿ ಬಿಡಿಸಿ, ವೋಡನ್ನನಿಂದ ಮೇಲಿನ ಭಾಗವು ಕಾಲಕಾಲಕ್ಕೆ ಕೂಡಿಸಿದ್ದೆಂದು ತೋರಿಸಿದನು. ಮನೆಯನ್ನು ತಳಹದಿಯಿಂದ ಕಟ್ಟುತ್ತಾರೆ. ವಂಶಾವಳಿಯನ್ನು ಕೆಳಗಿನ ಅಂತಸ್ತಿನಿಂದ ಮೇಲಕ್ಕೆ ಕಟ್ಟಿ, ತಳಹದಿಯನ್ನು ಕೊನೆಗೆ ಆಕಾಶದಲ್ಲಿ ಹಾಕುತ್ತಾರೆ. ನಮ್ಮ ಶಾಸನಾಭ್ಯಾಸಿಗಳಿಗೆ ಇದು ಹೊಸದೆನಿಸದು. ಅಯೋಧ್ಯೆಯಲ್ಲಿ ೫೯ ಮಂದಿ ರಾಜರು ಆಳಿದರೆಂದು ಹೇಳುವ ಕಲ್ಯಾಣ ಚಾಳುಕ್ಯರ ತಾಮ್ರಪಟಗಳನ್ನು ಓದಿದವರು ಇಂತಹ ಅಂತಸ್ತುಗಳನ್ನು ಕಂಡೇ ಇರುತ್ತಾರೆ.

ನಾರ್ಸ್ ಜನರ ವಿಷಯವು ಹೆಚ್ಚು ರಸವತ್ತಾದದ್ದು. ಸ್ನೋರಿ ಸ್ಟರ್ಲುಸನ್ ಸುಮಾರು ೧೨೩೦ರಲ್ಲಿ ಬರೆದ ರಾಜಚರಿತ್ರೆಯು ನಾರ್ವೆಯ ದೊರೆಗಳನ್ನು ದೇವತೆಗಳಿಗೆ ಒಯ್ದು ಮುಟ್ಟಿಸುತ್ತದೆ. ಅವನಿಗೂ ಒಂದು ಶತಮಾನ ಹಿಂದಿನ ಆರಿ ಥೋರ್ಗಿಲ್ಸನ್ ಐಸ್‌ಲೆಂಡಿನ ಚರಿತ್ರೆಯನ್ನು ಬರೆದು, ಅದರ ಕೊನೆಯಲ್ಲಿ ತುರ್ಕರ ರಾಜ ಯಂಗ್ವಿಯಿಂದ ಹಿಡಿದು ತನ್ನವರೆಗೆ ಒಂದು ಪಟ್ಟಿಯನ್ನು ಇಳಿಸಿದ್ದಾನೆ. ಆದರೆ ಐಸ್‌ಲೆಂಡಿಗೆ ವಲಸೆ ಬಂದು ನೆಲೆಸಿದವರ ಹೆಸರುಗಳನ್ನು ಹೇಳುವ ‘ಲಾಂಡ್ನಾಮಾಬೋಕ್’ ಗ್ರಂಥದ ಒಂದು ಪಾಠದಲ್ಲಿ ಬರುವ ಮಾತು ಇವೆಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ. ನೀವು ಗುಲಾಮರಿಗೂ ದುರ್ಜನರಿಗೂ ಹುಟ್ಟಿದವರೆಂದು ಪರದೇಶದವರು ಹಳಿದರೆ ಉತ್ತರ ಕೊಡಲು ನಮ್ಮ ನಿಜವಾದ ಮೂಲ ನಮಗೆ ತಿಳಿದಿರಬೇಕು ಎಂಬುದು ಅದರ ತಾತ್ಪರ್ಯ. ವಂಶಾವಳಿ ಏತಕ್ಕೆ ಹುಟ್ಟುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದವರಿಲ್ಲ. ಅದು ಯಾರೋ ಆಡಿದ ಕೀಳುಮಾತಿಗೆ ಕೊಟ್ಟ ಉತ್ತರ. ಹಾಗಾಗಿ ಅದು ತಾನು ಹೇಳುವ ಕಾಲಕ್ಕಿಂತ ತಾನು ಹುಟ್ಟಿದ ಕಾಲಕ್ಕೆ ಹೆಚ್ಚು ನಂಬಿಕೆಯ ಸಾಕ್ಷಿ.

ನಾರ್ಸ್ ಮತ್ತು ನಾರ್ಮನ್ ಎಂಬ ಎರಡು ಕೊಂಡಿಗಳು ಸೇರುವ ಜಾಗದಲ್ಲಿ ರೋಲೋ ಇದ್ದಾನೆ, ಸುಮಾರು ೯೧೧ರಲ್ಲಿ ಫ್ರಾನ್ಸಿನ ರಾಜನಿಂದ ಸೇನ್ ನದಿಯ ಸೀಮೆಯನ್ನು ಪಡೆದವನು. ವಿಜೇತ ವಿಲಿಯಮನ ಪೂರ್ವಜ. ಅವನು ಡೆನ್ಮಾರ್ಕಿನವನೆಂದು ಡೂಡೋ ಎಂಬ ಪಾದ್ರಿಯ ಗ್ರಂಥದಿಂದ ತಿಳಿಯುತ್ತದೆ. ನಾರ್ವೆಯವನೆಂದು ಸ್ನೋರಿ ಹೇಳುತ್ತಾನೆ. ಈ ಜಗಳವನ್ನು ತೀರಿಸಲು ನಾರ್ವೆಯ ಸಂಶೋಧಕರು ೨೦೧೬ರಲ್ಲಿ ಫೆಕಾಂ ಮಠದಲ್ಲಿ ರೋಲೋವಿನ ಮೊಮ್ಮಗ, ಮರಿಮಗ ಇವರದೆನ್ನಲಾದ ಅಸ್ಥಿಪೆಟ್ಟಿಗೆಗಳನ್ನು ತೆರೆದರು. ಕಾಲನಿರ್ಣಯ ಮಾಡಿ ನೋಡಿದರೆ ಆ ಮೂಳೆಗಳು ರೋಲೋವಿನ ಕಾಲಕ್ಕಿಂತಲೂ ಎಷ್ಟೋ ಹಿಂದೆ ಸತ್ತವರವು! ಹೆಸರು ಕೆತ್ತಿದ ಪೆಟ್ಟಿಗೆಯಲ್ಲಿ ಹೆಸರಿನವನೇ ಇಲ್ಲದ ಮೇಲೆ ಪಟ್ಟಿಯ ಪಾಡೇನು?

ಹಾಗಾದರೆ ಈ ಎಲ್ಲ ಹಕ್ಕುಮಾತುಗಳೂ ಸುಳ್ಳೆ? ಇಲ್ಲಿಯೇ ವಿಷಯ ತಲೆಕೆಳಗಾಗುವುದು. ಮನುಷ್ಯನಿಗೆ ತಂದೆತಾಯಿಗಳು ಇಬ್ಬರು, ಅಜ್ಜಅಜ್ಜಿಯರು ನಾಲ್ವರು; ತಲೆಮಾರಿಗೆ ಮೂವತ್ತು ವರ್ಷವೆಂದಿಟ್ಟರೆ ಟೆಸ್ಸಳಿಂದ ೧೦೬೬ಕ್ಕೆ ೨೭ ತಲೆಮಾರು; ಆ ಮಟ್ಟದಲ್ಲಿ ಅವಳ ವಂಶವೃಕ್ಷದ ಸ್ಥಾನಗಳು ೧೩ ಕೋಟಿಗೂ ಹೆಚ್ಚು. ‘ಡೂಮ್ಸ್‌ಡೇ’ ಕಾಲದ ಇಂಗ್ಲೆಂಡಿನ ಜನಸಂಖ್ಯೆಯನ್ನು ಸುಮಾರು ೧೫–೨೦ ಲಕ್ಷವೆಂದು ಅಂದಾಜುಮಾಡುತ್ತಾರೆ. ಎಂದರೆ ಒಬ್ಬೊಬ್ಬ ಪೂರ್ವಜನೂ ಸರಾಸರಿಯಲ್ಲಿ ಹತ್ತಾರು ದಾರಿಗಳಲ್ಲಿ ಮತ್ತೆ ಮತ್ತೆ ಪೂರ್ವಜನಾಗಲೇಬೇಕು. ಪೀಟರ್ ರಾಲ್ಫ್, ಗ್ರಹಾಂ ಕೂಪ್ ಇವರು ೨೦೧೩ರಲ್ಲಿ ಪ್ರಕಟಿಸಿದ ವಂಶವಾಹಿಗಳ ಅಧ್ಯಯನವೂ ಇದಕ್ಕೆ ಒತ್ತಾಸೆಯಾಗಿದೆ: ಸಾವಿರ ವರ್ಷದ ಹಿಂದೆ ಬದುಕಿದ್ದು ಇಂದಿಗೂ ಸಂತತಿ ಉಳಿದಿರುವ ಯೂರೋಪಿಯನರು ಬಹುಮಟ್ಟಿಗೆ ಇಂದಿನ ಯೂರೋಪಿಯನರೆಲ್ಲರ ಪೂರ್ವಜರು. ರೋಲೋ ಅವರಿಗೆ ಅಜ್ಜ. ಅವನ ಕುದುರೆಗೆ ಹುಲ್ಲು ಹಾಕಿದವನೂ, ಸಂತಾನ ಉಳಿದಿದ್ದರೆ, ಅಜ್ಜ. ನಾರ್ಮನ್ ಮೂಲವು ಹೀಗೆ ಎಲ್ಲರಿಗೂ ಹೆಚ್ಚುಕಡಿಮೆ ನಿಶ್ಚಿತವಾದದ್ದು, ಆದ್ದರಿಂದಲೇ ಯಾರಿಗೂ ವಿಶೇಷವಲ್ಲದ್ದು. ಕಷ್ಟವಾದದ್ದು ಒಂದೊಂದು ಕೊಂಡಿಯನ್ನೂ ದಾಖಲೆಯಿಂದ ತೋರಿಸುವುದು. ದಾಖಲೆಯಿದ್ದರೂ ಭರವಸೆಯಿಲ್ಲ. ಲೆಸ್ಟರಿನಲ್ಲಿ ೨೦೧೨ರಲ್ಲಿ ಅಗೆದು ತೆಗೆದ ಮೂರನೆಯ ರಿಚರ್ಡನ ಅಸ್ಥಿಯನ್ನು ಪರೀಕ್ಷಿಸಿದಾಗ ಹೆಣ್ಣುಸಂತತಿಯ ಎಳೆ ಕೂಡಿಬಂತು; ವಂಶಗ್ರಂಥಗಳಲ್ಲಿ ಹೆಸರಿಗೆ ಹೆಸರು ಸರಿಯಾಗಿ ಜೋಡಿಸಿಟ್ಟಿದ್ದ ಗಂಡುಸಂತತಿಯ ಎಳೆ ಕೂಡಲಿಲ್ಲ. ಎಲ್ಲೋ ನಡುವೆ ಬರೆದಿದ್ದ ತಂದೆ ತಂದೆಯಾಗಿರಲಿಲ್ಲ.

ಈಗ ಟ್ರಿಂಗಮ್ ಪಾದ್ರಿಯ ಕಡೆಗೆ ಹಿಂದಿರುಗೋಣ. ಅವನ ಮೊದಲ ಪ್ರಮಾಣವಾದ ಮಠದ ಪಟ್ಟಿಯ ಬಣ್ಣ ಮೇಲೆಯೇ ಬಯಲಾಯಿತು. ಎರಡನೆಯದನ್ನು ನೋಡಿ: ಸ್ಟೀಫನ್ ರಾಜನ ಕಾಲದ ಪೈಪ್ ರೋಲ್ ಒಂದೂ ಇಂದು ಉಳಿದಿಲ್ಲ. ಎರಡನೆಯ ಹೆನ್ರಿಗೆ ಹಿಂದಿನದೆಂದು ಉಳಿದಿರುವುದು ೧೧೩೦ರ ಒಂದೇ ಸುರುಳಿ. ಅದು ಮೊದಲನೆಯ ಹೆನ್ರಿಯ ಕಾಲದ್ದು. ಹಿಂದಿನ ಪುರಾತತ್ತ್ವಜ್ಞರಲ್ಲಿ ಕೆಲವರು ಅದನ್ನು ತಪ್ಪಾಗಿ ಸ್ಟೀಫನ್ನನ ಕಾಲಕ್ಕೆ ಹಚ್ಚಿದ್ದರು. ಜೋಸೆಫ್ ಹಂಟರ್ ೧೮೩೩ರಲ್ಲಿ ಅದನ್ನು ಅಚ್ಚುಹಾಕಿಸಿದಾಗ ಕಾಲವನ್ನು ತಿದ್ದಿದನು. ಪಾದ್ರಿಯು ಹಳೆಯವರ ತಪ್ಪನ್ನು ಹಾಗೆಯೇ ಒಪ್ಪಿಸುತ್ತಿದ್ದಾನೆ. ಇದು ಹಾರ್ಡಿ ಬೇಕೆಂದು ಇಟ್ಟ ಸುಳಿವೆಂದು ನಾವು ವಾದಿಸುವುದಿಲ್ಲ. ಅವನು ಓದಿದ ಸ್ಥಳಚರಿತ್ರೆಗಳಿಂದ ತಾನೇತಾನಾಗಿ ಬಂದಿರಬಹುದು. ಆದರೆ ಮೂರನೆಯ ಸಂಗತಿಯನ್ನು ಆಕಸ್ಮಿಕವೆನ್ನಲಾಗದು. ಎರಡನೆಯ ಚಾರ್ಲ್ಸನ ಕಾಲದ ನೈಟ್‌ಗೂ ಗಾಡಿ ಹೊಡೆಯುವವನ ಅಜ್ಜನಿಗೂ ನಡುವಣ ಸೇತುವೆಯು ಕಥೆಯಲ್ಲಿ ಎಲ್ಲಿಯೂ ಇಲ್ಲ. ಇರುವುದು ಹೆಸರಿನ ಹೋಲಿಕೆ, ಪಾದ್ರಿಯ ನಿಸ್ಸಂದೇಹ. ರೌಂಡ್ ತನ್ನ ಜೀವಮಾನವೆಲ್ಲ ಬಡಿದದ್ದು ಇದೇ ಎಡೆಗೆ. ಇದಕ್ಕೆ ಎದುರಾಗಿ ಹಾರ್ಡಿ ಇನ್ನೊಂದು ವಂಶೋತ್ಪತ್ತಿಯನ್ನು ಇಟ್ಟಿದ್ದಾನೆ: ಉತ್ತರದ ವರ್ತಕ ಸೈಮನ್ ಸ್ಟೋಕ್ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಳಿದುಳಿದ ಮನೆತನಗಳ ಪುಸ್ತಕಗಳನ್ನು ಮಗುಚಿ, ಕಿವಿಗೆ ಇಂಪಾದ ಡರ್ಬರ್‌ವಿಲ್ ಹೆಸರನ್ನು ಆರಿಸಿಕೊಂಡ ವೃತ್ತಾಂತ. ಬಡ ಡರ್ಬಿಫೀಲ್ಡರಿಗೆ ಸಿಕ್ಕ ಹಿರಿಯರೂ ಪುಸ್ತಕದಿಂದಲೇ ಬಂದವರು, ಶ್ರೀಮಂತ ಸ್ಟೋಕ್ ಕೊಂಡ ಹೆಸರೂ ಪುಸ್ತಕದಿಂದಲೇ ಬಂದದ್ದು. ಒಂದನ್ನು ನಿಜವೆಂದೂ ಇನ್ನೊಂದನ್ನು ನಕಲೆಂದೂ ಬೇರ್ಪಡಿಸಿ ಪಾಠ ಹೇಳುವ ನಾವು ಪಾದ್ರಿಯ ಮಾತನ್ನು ಪರೀಕ್ಷಿಸದೆ ನಂಬಿದ್ದೇವೆ, ಅಷ್ಟೆ.

ನಮ್ಮ ವಾದಕ್ಕೆ ವಿರುದ್ಧವಾದ ಎಡೆಗಳು ಕಾದಂಬರಿಯಲ್ಲಿ ಇಲ್ಲದೆ ಇಲ್ಲ. ಟೆಸ್ಸಳ ಮಾನಭಂಗದ ಸಂದರ್ಭದಲ್ಲಿ ನಿರೂಪಕನು ಅವಳ ಕವಚಧಾರಿಗಳಾದ ಪೂರ್ವಜರನ್ನು ನೆನೆಯುತ್ತಾನೆ. ಅವರೂ ತಮ್ಮ ಕಾಲದ ರೈತಕನ್ಯೆಯರಿಗೆ ಇದನ್ನೇ, ಇನ್ನೂ ಕ್ರೂರವಾಗಿ, ಮಾಡಿದ್ದಿರಬೇಕೆಂದು ಹೇಳುತ್ತಾನೆ. ಆದರೆ ಮರುವಾಕ್ಯದಲ್ಲಿಯೇ ತಂದೆಗಳ ಪಾಪವನ್ನು ಮಕ್ಕಳ ಮೇಲೆ ಹೊರಿಸುವ ನೀತಿ ದೇವತೆಗಳಿಗೆ ಒಪ್ಪಬಹುದು, ಮನುಷ್ಯರಿಗೆ ಹೇಸಿಗೆ ಎಂದು ಅದನ್ನು ತಳ್ಳಿಹಾಕುತ್ತಾನೆ. ವೆಲ್‌ಬ್ರಿಜ್ ಮನೆಯ ಗೋಡೆಯ ಮೇಲಿನ ಇಬ್ಬರು ಡರ್ಬರ್‌ವಿಲ್ ಹೆಂಗಸರ ಚಿತ್ರಗಳು ಇನ್ನೂ ತೊಡಕಿನವು. ಆ ವಿಕಾರ ಮುಖಗಳಲ್ಲಿ ಟೆಸ್ಸಳ ಚೆಲುವಿನ ರೇಖೆಗಳು ಕಾಣುತ್ತವೆಂದು ಸ್ಪಷ್ಟವಾಗಿಯೇ ಹೇಳಿದೆ. ಇದನ್ನು ನಾವು ಮುಚ್ಚಿಡುವಂತಿಲ್ಲ. ಆದರೆ ಕಥೆಯ ಆರಂಭದಲ್ಲಿ ಅದೇ ನಿರೂಪಕನು, ಅವಳ ಚೆಲುವು ಬಹುಮಟ್ಟಿಗೆ ತಾಯಿ ಜೋನಳಿಂದ ಬಂದದ್ದು, ನೈಟ್‌ಗಳಿಗೂ ಚರಿತ್ರೆಗೂ ಸಂಬಂಧಪಡದ್ದು ಎಂದು ಹೇಳಿರುವುದನ್ನು ನಾವು ಮರೆಯುವುದೇಕೆ? ಚಿತ್ರಗಳು ಇನ್ನೂರು ವರ್ಷ ಹಳೆಯವು, ಏಳು ತಲೆಮಾರು, ಆ ಮಟ್ಟದಲ್ಲಿ ಅವಳಿಗೆ ೧೨೮ ಮಂದಿ ಹಿರಿಯರು. ಜೋನಳ ಕಡೆಯ ಅರ್ಧದ ಚಿತ್ರಗಳನ್ನು ಯಾರೂ ಬರೆಸಲಿಲ್ಲ. ಗೋಡೆಯ ಮೇಲಿರುವ ಮುಖಗಳನ್ನು ಮಾತ್ರ ನೋಡಿ ಅವಳನ್ನು ಅಳೆದವನು ಏಂಜೆಲ್ ಕ್ಲೇರ್. ಅವಳ ಕೋಣೆಯ ಬಾಗಿಲವರೆಗೆ ಬಂದವನನ್ನು ಹಿಂದಕ್ಕೆ ತಿರುಗಿಸಿದ್ದು ಆ ಚಿತ್ರದ ಹೋಲಿಕೆ.

ಏಂಜೆಲ್ಲನ ನಡತೆಯೇ ಈ ವಾದದ ಮರ್ಮಸ್ಥಾನ. ಹಳೆಯ ಮನೆತನಗಳನ್ನು ದ್ವೇಷಿಸುವುದಾಗಿ ಹೇಳಿಕೊಂಡವನು, ಮದುವೆಗೆ ಮೊದಲು ಅವಳ ಮೂಲವನ್ನು ಕೇಳಿ ಹಿಗ್ಗುತ್ತಾನೆ. ಸಮಾಜದಲ್ಲಿ, ಅದರಲ್ಲಿಯೂ ತಾಯಿಯ ಕಣ್ಣಿನಲ್ಲಿ, ಹೆಂಡತಿಯ ಬೆಲೆ ಏರುವುದೆಂದು ಲೆಕ್ಕ ಹಾಕುತ್ತಾನೆ. ಮದುವೆಯ ರಾತ್ರಿ ಅವಳು ತನ್ನ ಕಥೆಯನ್ನು ಹೇಳಿಕೊಂಡ ಮೇಲೆ ಅದೇ ಮೂಲವು ಅಪರಾಧದ ಸಾಕ್ಷಿಯಾಗುತ್ತದೆ: ಜೀರ್ಣವಾದ ಮನೆತನಕ್ಕೆ ಜೀರ್ಣವಾದ ಸಂಕಲ್ಪಶಕ್ತಿ. ಒಂದೇ ವಂಶಾವಳಿ, ಒಬ್ಬನೇ ಮನುಷ್ಯ, ಎರಡು ವಿರುದ್ಧವಾದ ಉಪಯೋಗಗಳು. ತನ್ನ ಹೃದಯದ ಕಾಠಿನ್ಯಕ್ಕೆ ಅವನು ೮೦೦ ವರ್ಷ ಹಳೆಯ ಕಾರಣವನ್ನು ಹುಡುಕಿಕೊಂಡನು. ಮುಪ್ಪಾದ ರಕ್ತದ ಸಿದ್ಧಾಂತವು ಮೂಲತಃ ಹಾರ್ಡಿಯದಲ್ಲ, ಕೋಪದಲ್ಲಿರುವ ಏಂಜೆಲ್ಲನದು. ನಾವು ಅದನ್ನು ಎತ್ತಿಕೊಂಡು ವಿಮರ್ಶೆಯೆಂದು ಕರೆದೆವು.

ಅವನಿಗೆ ಟೆಸ್ ಕೊಡುವ ಉತ್ತರವನ್ನು ತರಗತಿಗಳಲ್ಲಿ ಸಾಮಾನ್ಯವಾಗಿ ಬೇಗ ದಾಟಿಬಿಡುತ್ತೇವೆ. ಎಷ್ಟೋ ಮನೆತನಗಳ ಪಾಡು ಹೀಗೆಯೇ ಇದೆ ಎನ್ನುತ್ತಾಳೆ. ಜೊತೆಯಲ್ಲಿ ಹಾಲು ಕರೆಯುವ ರೆಟ್ಟಿಯ ಮನೆಯವರು ಒಂದು ಕಾಲಕ್ಕೆ ದೊಡ್ಡ ಭೂಮಾಲಿಕರು; ಈಗ ಗಾಡಿ ಹೊಡೆಯುವ ಡೆಬಿಹೌಸ್‌ನವರು ಹಿಂದೆ ಡಿ ಬೇಯೂ ಎಂಬ ನಾರ್ಮನ್ನರು; ತನ್ನಂತಹವರು ಆ ಸೀಮೆಯಲ್ಲಿ ಎಲ್ಲೆಲ್ಲಿಯೂ ಸಿಗುತ್ತಾರೆ. ಪಾದ್ರಿಯೂ ಮೊದಲ ದಿನವೇ ಜಾನನಿಗೆ ಇದನ್ನೇ ಹೇಳಿದ್ದನು, ಆ ಜಿಲ್ಲೆಯ ಗುಡಿಸಲುಗಳಲ್ಲಿ ಇಷ್ಟೇ ಹೊಳಪಿನ ಮನೆತನಗಳು ಇನ್ನೂ ಕೆಲವಿವೆ ಎಂದು; ಜಾನನ ಕಿವಿಗೆ ಅದು ಬೀಳಲಿಲ್ಲ. ೨೦೧೩ರ ಲೆಕ್ಕಾಚಾರಕ್ಕೆ ಯಂತ್ರಗಳು ಬೇಕಾದವು. ಹಾಲು ಕರೆಯುವ ಹುಡುಗಿಗೆ ಸುತ್ತಲಿನವರ ಪರಿಚಯವೇ ಸಾಕಾಯಿತು. ಅದಕ್ಕೂ ಹಿಂದೆ, ಏಂಜೆಲ್ ಅವಳಿಗೆ ಚರಿತ್ರೆ ಕಲಿಸಲು ಮುಂದಾದಾಗ, ಉದ್ದನೆಯ ಸಾಲಿನಲ್ಲಿ ತಾನೊಬ್ಬಳು ಮಾತ್ರವೆಂದು ತಿಳಿದು ಏನಾಗಬೇಕಾಗಿದೆ ಎಂದು ಅವಳು ಬೇಡವೆಂದಿದ್ದಳು. ಹಾರ್ಡಿಯ ಮಟ್ಟಿಗೆ ಇದು ಹೊರಗಿನ ಮಾತಲ್ಲ. ಜರ್ಸಿ ದ್ವೀಪದ ಲಿ ಹಾರ್ಡಿ ಮನೆತನದವರು ತನ್ನ ಹಿರಿಯರೆಂದು ನಂಬಿದ್ದ ಆ ಕಲ್ಲುಕುಟಿಗನ ಮಗ ತನ್ನ ಕೈಯಾರೆ ವಂಶವೃಕ್ಷವನ್ನು ಬರೆದುಕೊಂಡಿದ್ದನು. ಆ ಚಪಲದ ಸುಖವನ್ನೂ ಮುಜುಗರವನ್ನೂ ಒಳಗಿನಿಂದ ಬಲ್ಲವನು.

ಕಾದಂಬರಿಯಲ್ಲಿ ಡರ್ಬಿಫೀಲ್ಡರ ಮೇಲೆ ನಿಜವಾದ ಅಧಿಕಾರವುಳ್ಳ ವಂಶಪತ್ರವೊಂದಿದೆ. ಅದನ್ನು ಟ್ರಿಂಗಮ್ ನೋಡಲೇ ಇಲ್ಲ. ಮಾರ್ಲಟ್ಟಿನ ಅವರ ಮನೆಯು ಮೂರು ಜೀವಗಳ ಗುತ್ತಿಗೆಯದು. ಹೆಸರಿಸಿದ ಮೂವರು ಬದುಕಿರುವವರೆಗೆ ಮನೆ ಅವರದು. ಆ ಮೂವರಲ್ಲಿ ಜಾನನೇ ಕೊನೆಯವನು. ಅವನು ಸತ್ತ ಮೇಲೆ ಜೋನ್, ಟೆಸ್, ಚಿಕ್ಕ ಮಕ್ಕಳು ಸಾಮಾನನ್ನು ಗಾಡಿಗೆ ಹೇರಿಕೊಂಡು, ಪೂರ್ವಜರ ಗೋರಿಗಳಿರುವ ಕಿಂಗ್ಸ್‌ಬಿಯರ್‌ಗೆ ಹೋಗುತ್ತಾರೆ. ಗೊತ್ತುಮಾಡಿದ್ದ ಕೋಣೆಗಳು ಬೇರೆಯವರ ಪಾಲಾಗಿರುತ್ತವೆ. ಇಗರ್ಜಿಯ ಗೋಡೆಯ ಹೊರಗೆ, ಡರ್ಬರ್‌ವಿಲ್ ಕಿಟಕಿಯ ಕೆಳಗೆ, ಹಳೆಯ ಮಂಚವನ್ನು ಇಳಿಸಿ ಮಕ್ಕಳನ್ನು ಅದರ ಮೇಲೆ ಮಲಗಿಸುತ್ತಾರೆ.